8 ತಿಂಗಳ ಲ್ಯಾಬ್ರಡಾರ್ ಮನೆಯ ಸಾಮಾನೆಲ್ಲ ಕಚ್ಚಿ ಹಾಕುತ್ತಿದೆ, ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ ಸುಮ್ನೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಮಂಗಳೂರಿನಲ್ಲಿ ಫ್ಲ್ಯಾಟ್, ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತೀರಿ. ಸಂಜೆ ಬಂದು ನೋಡಿದರೆ ಚಪ್ಪಲಿ ತುಂಡು ತುಂಡು, ಸೋಫಾದ ಹತ್ತಿ ನೆಲದ ತುಂಬಾ, ಬಾಗಿಲಿನ ದಾರಂದದಲ್ಲಿ (ಚೌಕಟ್ಟಿನಲ್ಲಿ) ಹಲ್ಲಿನ ಗುರುತು. ಬೈದು ನೋಡಿದಿರಿ, ಪೆಟ್ಟು ಕೊಟ್ಟೂ ನೋಡಿದಿರಿ. ಈಗ ಮನೆಯ ಹಿರಿಯರು "ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬನ್ನಿ, ಹೇಗಾದರೂ ಬದುಕುತ್ತದೆ" ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ.

ಮೊದಲು ಆ ಕೊನೆಯ ಮಾತಿಗೆ ಉತ್ತರ ಹೇಳುತ್ತೇನೆ. ದಯವಿಟ್ಟು ಬಿಡಬೇಡಿ. ಮನೆಯೊಳಗೆ ಬೆಳೆದ ಲ್ಯಾಬ್ರಡಾರ್‌ಗೆ ಮಾರ್ಕೆಟ್ ಬದಿಯಲ್ಲಿ ಬದುಕುವುದು ಗೊತ್ತಿಲ್ಲ. ಅಲ್ಲಿರುವ ನಾಯಿಗಳು ಅದನ್ನು ಹತ್ತಿರ ಸೇರಿಸುವುದಿಲ್ಲ, ರಸ್ತೆ ದಾಟಲು ಅದಕ್ಕೆ ಬರುವುದಿಲ್ಲ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ. ಹಿರಿಯರಿಗೆ ಇದನ್ನು ಸಮಾಧಾನದಿಂದ ಹೇಳಿ, ಎರಡು ತಿಂಗಳು ಸಮಯ ಕೇಳಿ. ನಮ್ಮ ಮನೆಯಲ್ಲಿ ಇದೇ ತೊಂದರೆ ಇತ್ತು, ಸರಿಹೋಗಿದೆ.

ನಾವು ಉಡುಪಿಯ ಸಂತೆಕಟ್ಟೆ ಕಡೆಯವರು. ನಮ್ಮದು ಊರ ನಾಯಿ, ಬಿಳಿ ಬಣ್ಣ, ಹಾಗಾಗಿ ಬೊಳ್ಳ ಅಂತ ಹೆಸರು. ವರ್ಷ ತುಂಬುವುದರೊಳಗೆ ಮಾವನ ಎರಡು ಜೊತೆ ಚಪ್ಪಲಿ, ಅತ್ತೆಯ ಚಾಪೆ, ಟಿವಿ ರಿಮೋಟ್, ಅಂಗಳ ಗುಡಿಸುವ ಹಿಡಿಸೂಡಿ ಎಲ್ಲ ಮುಗಿಸಿತ್ತು. ಒಂದು ಸಂಜೆ ಮುಂಬಾಗಿಲಿನ ದಾರಂದ ಕೆರೆದು ಕಚ್ಚಿ ಇಟ್ಟದ್ದು ನೋಡಿ ಸಿಟ್ಟು ತಡೆಯಲಾಗದೆ ಹಿಡಿಸೂಡಿಯಲ್ಲೇ ಹೊಡೆದೆ. ನಿಂತಲ್ಲೇ ಮೂತ್ರ ಮಾಡಿಕೊಂಡು ಮೇಜಿನಡಿ ಸೇರಿತು. ಮರುದಿನ ದಾರಂದದ ಇನ್ನೊಂದು ಬದಿಯೂ ಹೋಗಿತ್ತು. ಆ ಪೆಟ್ಟು ಕೊಟ್ಟದ್ದಕ್ಕೆ ನನಗೆ ಇವತ್ತಿಗೂ ಬೇಸರ ಇದೆ.

ನೋಡಿ, ನಾಯಿ ಚಪ್ಪಲಿ ಕಚ್ಚುವುದು ಬೆಳಿಗ್ಗೆ 9ಕ್ಕೆ, ಪೆಟ್ಟು ಬೀಳುವುದು ಸಂಜೆ 6ಕ್ಕೆ. ಎರಡಕ್ಕೂ ಸಂಬಂಧ ಇದೆ ಅಂತ ಅದಕ್ಕೆ ತಿಳಿಯುವುದೇ ಇಲ್ಲ. ಇವರು ಬಾಗಿಲು ತೆಗೆದು ಬಂದರೆ ಪೆಟ್ಟು ಬೀಳುತ್ತದೆ ಅನ್ನುವುದು ಮಾತ್ರ ತಿಳಿಯುತ್ತದೆ. "ಅದರ ಮುಖ ನೋಡು, ತಪ್ಪು ಮಾಡಿದ್ದು ಅದಕ್ಕೇ ಗೊತ್ತು" ಅಂತ ನಮ್ಮ ಅತ್ತೆ ಹೇಳುತ್ತಿದ್ದರು. ನಾನೂ ನಂಬಿದ್ದೆ. ನಾಯಿಗಳ ನಡವಳಿಕೆ ಅಧ್ಯಯನ ಮಾಡುವ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ 14 ನಾಯಿಗಳ ಮೇಲೆ ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ತಿಂಡಿ ಮುಂದಿಟ್ಟು "ತಿನ್ನಬಾರದು" ಅಂತ ಹೇಳಿ ಸಾಕಿದವರು ಕೋಣೆಯಿಂದ ಹೊರಗೆ ಹೋಗಬೇಕು. ವಾಪಸ್ ಬಂದಾಗ ನಾಯಿ ತಿಂದಿದೆಯೋ ಇಲ್ಲವೋ ಅಂತ ಅವರಿಗೆ ಕೆಲವು ಸಲ ಸುಳ್ಳೇ ಹೇಳಲಾಯಿತು. ಏನೂ ತಿನ್ನದ ನಾಯಿಗೆ ಬೈದಾಗಲೂ ಅದೇ ಕಿವಿ ಇಳಿಸಿದ, ಕಣ್ಣು ತಪ್ಪಿಸುವ ಮುಖವೇ ಬಂತು. ನಮ್ಮ ಸಿಟ್ಟು ನೋಡಿ ಹೆದರಿದ ಮುಖ ಅದು.

ಹಾಗಾದರೆ ಏನು ಮಾಡಬೇಕು? ನನ್ನ ಅನುಭವದಲ್ಲಿ ಮೊದಲ ಕೆಲಸ, ಎಲ್ಲಿ ಕಚ್ಚಿದೆ, ಯಾವಾಗ ಕಚ್ಚಿದೆ ಅಂತ ಸರಿಯಾಗಿ ನೋಡುವುದು. ಚಪ್ಪಲಿ, ಕುಶನ್, ರಿಮೋಟ್ ಕಚ್ಚುವ ನಾಯಿಗೂ ಬಾಗಿಲು, ಕಿಟಕಿ ಮಾತ್ರ ಕಚ್ಚುವ ನಾಯಿಗೂ ಕಾರಣ ಬೇರೆ ಬೇರೆ. ಮೊದಲನೆಯದಕ್ಕೆ ಬೇಜಾರು, ಮಿಕ್ಕಿದ ಶಕ್ತಿ, ಹಲ್ಲಿನ ತುರಿಕೆ. ಎರಡನೆಯದಕ್ಕೆ ಒಂಟಿಯಾಗುವ ಭಯ. ನಿಮ್ಮಲ್ಲಿ ಎರಡೂ ಇರುವ ಹಾಗೆ ಕಾಣುತ್ತದೆ.

ನಮ್ಮವರು ಒಂದು ದಿನ ಹಳೆಯ ಮೊಬೈಲನ್ನು ಶೋಕೇಸಿನ ಮೇಲೆ ಇಟ್ಟು ವಿಡಿಯೋ ಆನ್ ಮಾಡಿ ಹೊರಟರು. ಸಂಜೆ ಕೂತು ನೋಡಿದೆವು. ಬೀಗ ಹಾಕಿದ ಸದ್ದು ಕೇಳುತ್ತದೆ. ಬೊಳ್ಳ ಬಾಗಿಲ ಹತ್ತಿರ ಹೋಗಿ ಅಡಿಯ ಸಂದಿಗೆ ಮೂಗು ಇಟ್ಟು ನಿಲ್ಲುತ್ತದೆ. ಸ್ಕೂಟರ್ ಸದ್ದು ದೂರ ಹೋಗುತ್ತಾ ಬಂದ ಹಾಗೆ ಬಾಲ ಕಾಲಿನ ನಡುವೆ ಸೇರುತ್ತದೆ. ಚಾವಡಿಯಲ್ಲಿ ಆ ಕಡೆ ಈ ಕಡೆ ಓಡಾಟ, ಏದುಸಿರು, ಬಾಯಿಂದ ಜೊಲ್ಲು ಸುರಿದು ಡೋರ್‌ಮ್ಯಾಟ್ ಒದ್ದೆ. 12ನೇ ನಿಮಿಷಕ್ಕೆ ದಾರಂದ ಕೆರೆಯಲು ಶುರು. ಮುಕ್ಕಾಲು ಗಂಟೆ ಆದಮೇಲೆ ಸುಸ್ತಾಗಿ ಬಾಗಿಲಿಗೆ ಒರಗಿ ಮಲಗಿತು. ಬಟ್ಟಲಲ್ಲಿ ಇಟ್ಟ ಅನ್ನ ಮುಟ್ಟಿರಲಿಲ್ಲ. ಅತ್ತೆ ಅದನ್ನು ನೋಡಿ ಕಣ್ಣು ಒರೆಸಿಕೊಂಡರು. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಅದಕ್ಕೆ ಕೈ ಎತ್ತಿಲ್ಲ.

ಈ ಭಯಕ್ಕೆ ಔಷಧ ಅಂದರೆ ಅಭ್ಯಾಸವೇ. ಕೀ ತೆಗೆದುಕೊಳ್ಳಿ, ಚಪ್ಪಲಿ ಹಾಕಿ, ಆದರೆ ಹೊರಗೆ ಹೋಗದೆ ಕುರ್ಚಿಯಲ್ಲಿ ಕೂತುಕೊಳ್ಳಿ. ದಿನಕ್ಕೆ ಹತ್ತು ಸಲವಾದರೂ ಹೀಗೆ ಮಾಡಿ. ಕೀ ಸದ್ದಿಗೆ ಅದು ತಲೆ ಎತ್ತದೇ ಇದ್ದಾಗ ಬಾಗಿಲು ಹಾಕಿ 10 ಸೆಕೆಂಡು ಹೊರಗೆ ನಿಂತು ಒಳಗೆ ಬನ್ನಿ. ಆಮೇಲೆ ಅರ್ಧ ನಿಮಿಷ, 2 ನಿಮಿಷ, 5 ನಿಮಿಷ. ನಾಯಿ ಗಾಬರಿಯಾಗುವ ಮೊದಲೇ ನೀವು ಒಳಗೆ ಬಂದಿರಬೇಕು, ಗುಟ್ಟು ಇರುವುದು ಅದರಲ್ಲೇ. ಗಾಬರಿಯಾದರೆ ಮರುದಿನ ಸಮಯ ಕಡಿಮೆ ಮಾಡಿ. ನಾಯಿ ಹೆಚ್ಚಾಗಿ ಹಾಳು ಮಾಡುವುದು ನಾವು ಹೋದ ಮೊದಲ ಅರ್ಧ ಗಂಟೆಯಲ್ಲೇ. ಅದನ್ನು ದಾಟಿದರೆ ಮುಂದಿನದು ಸುಲಭ. ನಮಗೆ ಏಳು ವಾರ ಬೇಕಾಯಿತು. ಅಷ್ಟು ದಿನ ಹಗಲು ಅತ್ತೆಯೋ ಪಕ್ಕದ ಮನೆಯ ಅಕ್ಕನೋ ಜೊತೆಗಿರುವ ಹಾಗೆ ನೋಡಿಕೊಂಡೆವು. ಅಭ್ಯಾಸ ನಡೆಯುತ್ತಿರುವಾಗ ಮತ್ತೆ ಎಂಟು ಗಂಟೆ ಒಂಟಿಯಾಗಿ ಬಿಟ್ಟರೆ ಮಾಡಿದ್ದೆಲ್ಲ ನೀರುಪಾಲು. ನಿಮ್ಮ ಮನೆಯ ಹಿರಿಯರು ಇಲ್ಲಿ ನಿಜವಾಗಿ ನೆರವಾಗಬಹುದು, ಕೇಳಿ ನೋಡಿ. ಭಯ ತುಂಬಾ ಜಾಸ್ತಿ ಇದ್ದರೆ ಪಶುವೈದ್ಯರಿಗೆ ಆ ವಿಡಿಯೋ ತೋರಿಸಿ, ಬೇಕಾದರೆ ಅವರು ಔಷಧವನ್ನೂ ಕೊಡುತ್ತಾರೆ.

ಇನ್ನು ಬೇಜಾರಿನ ಕಚ್ಚಾಟ. 8 ತಿಂಗಳ ಲ್ಯಾಬ್ರಡಾರ್ ಅಂದರೆ ಹೈಸ್ಕೂಲ್ ಹುಡುಗನ ಹಾಗೆ. ಹಾಲುಹಲ್ಲು 28 ಬಿದ್ದು 42 ಹೊಸ ಹಲ್ಲು ಬಂದು ಮುಗಿಯುವುದು ಆರೇಳು ತಿಂಗಳಿಗೆ. ಆದರೆ ಕಚ್ಚುವ ಚಟ ಅಲ್ಲಿಗೆ ನಿಲ್ಲುವುದಿಲ್ಲ, ಲ್ಯಾಬ್‌ಗಳಲ್ಲಿ ಎರಡು ವರ್ಷದವರೆಗೂ ಇರಬಹುದು. ಕಚ್ಚಲೇಬಾರದು ಅಂತ ಹೊರಟರೆ ನೀವು ಸೋಲುತ್ತೀರಿ. ಕಚ್ಚಲು ಅದಕ್ಕೆ ಅಂತಲೇ ಏನಾದರೂ ಕೊಡಿ. ಕಾಂಗ್ ಅಂತ ಟೊಳ್ಳು ರಬ್ಬರ್ ಆಟಿಕೆ ಬರುತ್ತದೆ. ಅದರೊಳಗೆ ಮೆತ್ತಗೆ ಬೇಯಿಸಿದ ಕುಚ್ಚಲಕ್ಕಿ ಅನ್ನ, ಸ್ವಲ್ಪ ಮೊಸರು, ಬೇಯಿಸಿದ ಮೊಟ್ಟೆ ಒತ್ತಿ ತುಂಬಿ ರಾತ್ರಿ ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ಹೊರಡುವಾಗ ಕೊಟ್ಟರೆ ನೆಕ್ಕುತ್ತಾ ಅರ್ಧ ಗಂಟೆ ಕಳೆಯುತ್ತದೆ. ತಣ್ಣಗಿನ ಇಡೀ ಕ್ಯಾರೆಟ್ ಕೂಡ ಒಳ್ಳೆಯದು. ಯಾವುದೇ ವಸ್ತು ಕೊಡುವ ಮೊದಲು ಉಗುರಿನಿಂದ ಒತ್ತಿ ನೋಡಿ. ಸ್ವಲ್ಪವೂ ಗುರುತು ಬೀಳದಷ್ಟು ಗಟ್ಟಿ ಇದ್ದರೆ ಹಲ್ಲು ಮುರಿಯಬಹುದು.

ಭಾನುವಾರದ ಕೋಳಿ ಎಲುಬು ಮಾತ್ರ ಹಾಕಬೇಡಿ. ಬೇಯಿಸಿದ ಎಲುಬು ಚೂಪಾಗಿ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಸಾರಿನಲ್ಲಿರುವ ಈರುಳ್ಳಿ ಬೆಳ್ಳುಳ್ಳಿಯೂ ನಾಯಿಗೆ ವಿಷ. ಚಪ್ಪಲಿಗೆ ಮೆಣಸಿನ ಪುಡಿ ಹಚ್ಚಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಕಣ್ಣು ಮೂಗು ಉರಿದು ಅದು ಒದ್ದಾಡುತ್ತದೆ. ಚಪ್ಪಲಿಯನ್ನು ಬಾಗಿಲು ಇರುವ ಸ್ಟ್ಯಾಂಡ್‌ನಲ್ಲಿಡಿ, ಚಾರ್ಜರ್ ವೈರ್ ಪ್ಲಗ್‌ನಿಂದ ತೆಗೆದಿಡಿ, ನೀವಿಲ್ಲದಾಗ ಸೋಫಾ ಇರುವ ಕೋಣೆ ಮುಚ್ಚಿಡಿ. ಅಷ್ಟು ಸಾಕು.

ನಮ್ಮ ಕರಾವಳಿಯಲ್ಲಿ ನಿಜವಾದ ಪರೀಕ್ಷೆ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾಕಿಂಗ್ ತಪ್ಪುತ್ತದೆ, ಕಚ್ಚುವುದು ಜಾಸ್ತಿಯಾಗುತ್ತದೆ. ನಾವು ಮಾಡುವುದು ಹೀಗೆ. ಹಳೆಯ ಬೈರಾಸು (ಟವೆಲ್) ಹಾಸಿ, ಒಣ ತಿಂಡಿ ಉದುರಿಸಿ, ಸುರುಳಿ ಸುತ್ತಿ ಸಡಿಲವಾಗಿ ಗಂಟು ಹಾಕುತ್ತೇವೆ. ಬೊಳ್ಳ ಮೂಗಿನಿಂದ ನೂಕಿ, ಕಾಲಲ್ಲಿ ಒತ್ತಿ ಬಿಚ್ಚುತ್ತದೆ. ಹದಿನೈದು ನಿಮಿಷ ಮೂಗಿಗೆ ಕೆಲಸ ಸಿಕ್ಕರೆ ಆಮೇಲೆ ಚೆನ್ನಾಗಿ ನಿದ್ದೆ ಮಾಡುತ್ತದೆ. ರಟ್ಟಿನ ಡಬ್ಬಿಯೊಳಗೆ ತಿಂಡಿ ಬಚ್ಚಿಟ್ಟರೂ ಆಗುತ್ತದೆ. ಬಟ್ಟೆ, ರಟ್ಟು ನುಂಗುವ ಅಭ್ಯಾಸ ಇದ್ದರೆ ಮಾತ್ರ ಪಕ್ಕದಲ್ಲೇ ಕೂತಿರಿ. ಮಳೆ ಬಿಟ್ಟಾಗ ಹೊರಗೆ ಕರೆದುಕೊಂಡು ಹೋದರೆ ಎಳೆದುಕೊಂಡು ನಡೆಯಬೇಡಿ, ಮೂಸಲು ಬಿಡಿ. ಮೂಸುವುದೇ ಅದಕ್ಕೆ ವಾಕಿಂಗ್. ನಿಂತ ನೀರು ಕುಡಿಯಲು ಬಿಡಬೇಡಿ, ನಮ್ಮ ಕಡೆ ಇಲಿಜ್ವರ ಇದೆ, ನಾಯಿಗೂ ಬರುತ್ತದೆ. ಅದಕ್ಕೆ ಲಸಿಕೆ ಇದೆ, ಹಾಕಿಸಿ. ಕಪಾಟಿನ ನುಸಿಗುಳಿಗೆಯೂ ವಿಷವೇ, ಎತ್ತರದಲ್ಲಿಡಿ. ಊರಿನ ತೋಟಕ್ಕೆ ಕರೆದುಕೊಂಡು ಹೋಗುವುದಾದರೆ ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಡ್ರಮ್, ಇಲಿ ಪಾಷಾಣ, ಬಿದ್ದ ಅಡಿಕೆ, ಈ ಮೂರರ ಹತ್ತಿರ ಬಿಡಬೇಡಿ.

ಇನ್ನೊಂದು ವಿಷಯ. ಬಾಯಲ್ಲಿ ಚಪ್ಪಲಿ ಇದ್ದಾಗ ಹಿಂದೆ ಓಡಬೇಡಿ. ಓಡಿದರೆ ಅದಕ್ಕೆ ಆಟ, ಬಾಯಿಗೆ ಕೈ ಹಾಕಿದರೆ ಅವಸರದಲ್ಲಿ ನುಂಗಿಬಿಡುತ್ತದೆ. ನಾನು ನೆಲದ ಮೇಲೆ ಕೂತು ಒಂದು ಸಣ್ಣ ತೆಂಗಿನಕಾಯಿ ಚೂರು ತೋರಿಸುತ್ತೇನೆ. ಬೊಳ್ಳ ಹತ್ತಿರ ಬಂದು, ಒಂದು ಕ್ಷಣ ಯೋಚನೆ ಮಾಡಿ, ಚಪ್ಪಲಿಯನ್ನು ನನ್ನ ಕಾಲ ಹತ್ತಿರ ಇಟ್ಟು ಕಾಯಿ ತೆಗೆದುಕೊಳ್ಳುತ್ತದೆ. ಈಗ ಕಾಯಿ ತೋರಿಸದಿದ್ದರೂ "ಕೊಡು" ಅಂದರೆ ತಂದು ಕೊಡುತ್ತದೆ. ಕಾಲುಚೀಲ, ಬಟ್ಟೆ ಏನಾದರೂ ನುಂಗಿ ವಾಂತಿ ಶುರುವಾದರೆ, ಊಟ ಬಿಟ್ಟರೆ ಮರುದಿನದವರೆಗೆ ಕಾಯದೆ ವೈದ್ಯರ ಹತ್ತಿರ ಹೋಗಿ.

ನಾಳೆ ಕೆಲಸಕ್ಕೆ ಹೊರಡುವ ಮೊದಲು ಒಂದು ಮೊಬೈಲ್ ಇಟ್ಟು ಹೋಗಿ. ಮೊದಲ ಅರ್ಧ ಗಂಟೆ ಅದು ಏನು ಮಾಡಿತು, ಬಾಗಿಲ ಹತ್ತಿರ ಹೋಯಿತಾ ಅಥವಾ ಸೀದಾ ಸೋಫಾಕ್ಕೆ ಹೋಯಿತಾ, ಇಟ್ಟ ತಿಂಡಿ ತಿಂದಿತಾ, ಇಷ್ಟು ಬರೆದು ತಿಳಿಸಿ. ಯಾವುದರಿಂದ ಶುರು ಮಾಡಬೇಕು ಅಂತ ಆಗ ಸರಿಯಾಗಿ ಹೇಳಬಹುದು.