ಪ್ರತಿಕ್ರಿಯೆ: ಮಾವನ ಸಂಗಾತಿಗೆ ಕಾಗದದ ಬಲ ಬೇಕು

ಉಡುಪಿಯ ನಿಮ್ಮ ಸೋದರಮಾವನಿಗೆ ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಗ್ಗುವ ಕಾಯಿಲೆ) ಈಗಷ್ಟೇ ಶುರು, ಇಷ್ಟು ವರ್ಷ ಜೊತೆಗೆ ಬಾಳಿದ ಗಂಡು ಸಂಗಾತಿಯ ಮಾತಿಗೆ ಡಾಕ್ಟರು ಬೆಲೆ ಕೊಡುತ್ತಾರಾ ಎಂದು ಕೇಳಿದ್ದೀರಿ. ದಯವಿಟ್ಟು ತಡಮಾಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಮಾವ ತಮ್ಮ ಸಂಗಾತಿಯನ್ನೇ ನಾಮನಿರ್ದೇಶಿತ ಪ್ರತಿನಿಧಿ (ಚಿಕಿತ್ಸೆಯ ತೀರ್ಮಾನಗಳಲ್ಲಿ ನೆರವಾಗಲು ತಾವೇ ಹೆಸರಿಸಿದ ವ್ಯಕ್ತಿ) ಮಾಡಬಹುದು; ರಕ್ತಸಂಬಂಧ ಬೇಕಿಲ್ಲ. ಬಿಳಿ ಹಾಳೆಯಲ್ಲಿ ಬರೆದು ಸಹಿ ಇಲ್ಲವೇ ಹೆಬ್ಬೆಟ್ಟು, ಜೊತೆಗೆ ಸಂಗಾತಿಯ ಲಿಖಿತ ಒಪ್ಪಿಗೆ. ಮಾವನಿಗೆ ಎಲ್ಲ ಅರ್ಥವಾಗುವ ಈ ದಿನಗಳಲ್ಲೇ ಮಾಡಿಸಿ. ಲೈಂಗಿಕ ಒಲವಿನ ಕಾರಣಕ್ಕೆ ಚಿಕಿತ್ಸೆಯಲ್ಲಿ ಭೇದ ಮಾಡುವುದನ್ನೂ ಅದೇ ಕಾಯ್ದೆ ತಡೆಯುತ್ತದೆ.

ಮಂಗಳೂರಿನಲ್ಲೋ ಮಣಿಪಾಲದಲ್ಲೋ ಆರೈಕೆ ಕೇಂದ್ರ ನೋಡುವಾಗ ಸಂಗಾತಿಯನ್ನೂ ಕರೆದುಕೊಂಡು ಹೋಗಿ. ಹೊಸ ನೆನಪು ಜಾರಿದಂತೆ ಹಳೆಯ ಭಯ ಮೇಲೇಳಬಹುದು. 2018ರವರೆಗೂ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್‌ಗೆ ಹೆದರಿ ಬದುಕಿದ ತಲೆಮಾರು ಅವರದ್ದು. ಸಂಬಂಧದ ವಿಷಯ ಸಿಬ್ಬಂದಿಯಲ್ಲಿ ಯಾರಿಗೆ ಹೇಳಬೇಕು ಎಂಬುದನ್ನು ಮಾತ್ರ ಮಾವನೇ ತೀರ್ಮಾನಿಸಲಿ.