ಯಜಮಾನರ ಸಾಲ, ನಿಮ್ಮ ಸಿಬಿಲ್

ಹಾಸನ ಜಿಲ್ಲೆಯ ಓದುಗರೊಬ್ಬರು ಬರೆದ ಪತ್ರ ಇದು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಮುಖ್ಯ ಭಾಗವನ್ನಷ್ಟೇ ಇಲ್ಲಿ ಕೊಟ್ಟಿದ್ದೇವೆ.

"ನಾನು ಖಾಸಗಿ ಶಾಲೆಯಲ್ಲಿ ಟೀಚರ್. ಸ್ಕೂಟರ್ ತಗೊಳ್ಳೋಣ ಅಂತ ಬ್ಯಾಂಕಿಗೆ ಹೋದರೆ 'ನಿಮ್ಮ ಸಿಬಿಲ್ ಕಮ್ಮಿ ಇದೆ ಮೇಡಂ, ಲೋನ್ ಆಗಲ್ಲ' ಅಂದರು. ನಾನು ಇದುವರೆಗೆ ಒಂದು ರೂಪಾಯಿ ಸಾಲ ಮಾಡಿದವಳಲ್ಲ. ನಮ್ಮ ಯಜಮಾನರು 2021ರಲ್ಲಿ ಹಾರ್ಡ್‌ವೇರ್ ಅಂಗಡಿಗೆ ಲೋನ್ ತಗೊಂಡಾಗ ಎರಡು ಕಡೆ ಸಹಿ ಹಾಕಿದ್ದೆ, ಅಷ್ಟೇ. ನಡುವೆ ಅವರು ಕೆಲವು ಕಂತು ತಡ ಮಾಡಿದ್ದರಂತೆ. ಮದುವೆಯಾದ ಮೇಲೆ ಗಂಡನ ಸಿಬಿಲ್ ಹೆಂಡತಿಗೂ ಅಂಟಿಕೊಳ್ಳುತ್ತದಾ? ಮನೆ ಸಾಲವೂ ಅವರ ಹೆಸರಲ್ಲೇ ಇದೆ, ಕಂತು ಕಟ್ಟುವುದು ಮಾತ್ರ ನನ್ನ ಸಂಬಳದಿಂದ. ಅದು ನನ್ನ ಲೆಕ್ಕಕ್ಕೆ ಬರಲ್ವಾ? ಈಗ ಮೈದುನ ಬೇರೆ ಟ್ರ್ಯಾಕ್ಟರ್ ಲೋನಿಗೆ ಶ್ಯೂರಿಟಿ ಹಾಕಿ ಅತ್ತಿಗೆ ಅಂತ ಕೇಳುತ್ತಿದ್ದಾನೆ. ಹಾಕಲಾ, ಬೇಡವಾ?"

ನಮಸ್ಕಾರ ಮೇಡಂ.

ಮದುವೆಯಾಯಿತು ಅನ್ನುವ ಒಂದೇ ಕಾರಣಕ್ಕೆ ಯಾರ ಸಿಬಿಲ್ಲೂ ಯಾರಿಗೂ ಅಂಟಿಕೊಳ್ಳುವುದಿಲ್ಲ. ಸಾಲ ತೀರಿಸಿದ ರೀತಿ ನೋಡಿ ಕೊಡುವ ಅಂಕವನ್ನು, ಅಂದರೆ ಸ್ಕೋರನ್ನು, ನಾವೆಲ್ಲ ಬಾಯಿಮಾತಿಗೆ ಸಿಬಿಲ್ ಅನ್ನುತ್ತೇವೆ. ಆದರೆ ನಮ್ಮ ದೇಶದಲ್ಲಿ ಸಾಲದ ಲೆಕ್ಕ ಇಡುವ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್. ನಾಲ್ಕರಲ್ಲೂ ನಿಮ್ಮ ಪ್ಯಾನ್‌ಗೆ ಒಂದು ದಾಖಲೆ, ಅವರ ಪ್ಯಾನ್‌ಗೆ ಇನ್ನೊಂದು. ಗಂಡ ಹೆಂಡತಿಗೆ ಸೇರಿಸಿ ಒಂದು ಸ್ಕೋರ್ ಅನ್ನುವುದು ಎಲ್ಲೂ ಇಲ್ಲ.

ನಿಮಗೆ ಅಂಟಿಕೊಂಡಿರುವುದು 2021ರ ಆ ಎರಡು ಸಹಿ. ನೀವು ಹೇಳುವುದನ್ನು ನೋಡಿದರೆ ನಿಮ್ಮನ್ನು ಕೋ-ಅಪ್ಲಿಕೆಂಟ್ (ಜೊತೆಯಲ್ಲಿ ಸಾಲ ತೆಗೆದುಕೊಂಡವರು) ಮಾಡಿರಬೇಕು, ಇಲ್ಲವೇ ಗ್ಯಾರಂಟರ್ (ಜಾಮೀನುದಾರರು). ಎರಡರಲ್ಲಿ ಯಾವುದೇ ಆಗಿದ್ದರೂ ಆ ಸಾಲ ನಿಮ್ಮ ದಾಖಲೆಗೆ ಬರುತ್ತದೆ. ಕೋ-ಅಪ್ಲಿಕೆಂಟ್ ಆಗಿದ್ದರೆ ಅರ್ಧ ಸಾಲ ನಿಮ್ಮದು, ಅರ್ಧ ಅವರದು ಅಂತ ಪಾಲು ಇರುವುದಿಲ್ಲ. ಸಾಲ ಕೊಟ್ಟವರು ಇಬ್ಬರಲ್ಲಿ ಯಾರನ್ನು ಬೇಕಾದರೂ ಹಿಡಿದು ಪೂರ್ತಿ ಕೇಳಬಹುದು. ನಮ್ಮ ಕರಾರು ಕಾಯ್ದೆಯ 43ನೇ ಕಲಂ ಹೇಳುವುದು ಇದನ್ನೇ. ಹಾಗಾಗಿ ಯಜಮಾನರು ಒಂದು ಕಂತು ತಡ ಮಾಡಿದರೆ ಇಬ್ಬರ ದಾಖಲೆಯಲ್ಲೂ ಆ ತಿಂಗಳಿಗೆ ಕಲೆ ಬೀಳುತ್ತದೆ.

ಒಂದು ಕೆಲಸ ಮಾಡಿ. ನಿಮ್ಮ ರಿಪೋರ್ಟ್ ತೆಗೆಸಿ ನೋಡಿ. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಲೇಬೇಕು, 2017ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ನೀವೇ ನೋಡಿಕೊಂಡರೆ ಸ್ಕೋರ್ ಇಳಿಯುತ್ತದೆ ಅನ್ನುವುದು ಸುಳ್ಳು. ರಿಪೋರ್ಟಿನಲ್ಲಿ ಮೊದಲು 300ರಿಂದ 900ರೊಳಗಿನ ಸ್ಕೋರ್ ಕಾಣುತ್ತದೆ. ಅದನ್ನು ಬಿಟ್ಟು ಕೆಳಗೆ ಬನ್ನಿ. ಒಂದೊಂದು ಸಾಲಕ್ಕೂ ಒಂದು ಚೌಕ ಇರುತ್ತದೆ. ಅದರಲ್ಲಿ 'ಓನರ್‌ಶಿಪ್' ಅನ್ನುವ ಕಡೆ 'ಜಾಯಿಂಟ್' ಅಂತ ಇದೆಯಾ, 'ಗ್ಯಾರಂಟರ್' ಅಂತ ಇದೆಯಾ ನೋಡಿ. ಅದರ ಕೆಳಗೆ ತಿಂಗಳು ತಿಂಗಳಿಗೆ ಚಿಕ್ಕ ಅಂಕಿಗಳ ಸಾಲು. 000 ಅಂದರೆ ಬಾಕಿ ಇಲ್ಲ. 030, 060 ಅಂತ ಇದ್ದರೆ ಅಷ್ಟು ದಿನ ಕಂತು ತಡವಾಗಿದೆ ಅಂತ ಅರ್ಥ. ಬ್ಯಾಂಕಿನವರು ನಿಮಗೆ ಇಲ್ಲ ಅನ್ನುವ ಮೊದಲು ನೋಡಿರುವುದು ಆ ಅಂಕಿಗಳ ಸಾಲನ್ನೇ.

ನಿಮ್ಮ ಪತ್ರದಲ್ಲಿ "ಸಹಿ ಹಾಕಿದ್ದೆ, ಅಷ್ಟೇ" ಅನ್ನುವ ಮಾತು ಓದಿ ನನಗೆ ನಿಜಕ್ಕೂ ಬೇಜಾರಾಯಿತು. ಎಷ್ಟೋ ಮನೆಗಳಲ್ಲಿ ಇದೇ ಕಥೆ. ಫೈನಾನ್ಸಿನವರು ಮನೆಗೆ ಬರುತ್ತಾರೆ. ಅಡುಗೆಮನೆಯಿಂದ ಕರೆದು "ಇಲ್ಲೊಂದು ಸಹಿ, ಇಲ್ಲೊಂದು ಸಹಿ ಹಾಕಮ್ಮ" ಅನ್ನುತ್ತಾರೆ. ಇದು ನಿಮ್ಮ ಮೇಲಿನ ಸಾಲ ಕೂಡ ಅಂತ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳುವುದು ಅವರ ಕರ್ತವ್ಯ. ನಮ್ಮ ಹೆಣ್ಣುಮಕ್ಕಳೂ ಕೂತು ಓದಿ, ಕಾಪಿ ಇಸಿದುಕೊಂಡೇ ಸಹಿ ಹಾಕಬೇಕು. ಅದರಿಂದ ಗಂಡನ ಮೇಲೆ ನಂಬಿಕೆ ಇಲ್ಲ ಅಂತ ಆಗುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ, ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಕಂತು ತಡವಾದದ್ದನ್ನು ಸಾಲದ ಲೆಕ್ಕ ಇಡುವ ಆ ಕಂಪನಿಗಳಿಗೆ ವರದಿ ಮಾಡುವಾಗ ಸಾಲಗಾರರಿಗೂ ಎಸ್‌ಎಂಎಸ್ ಇಲ್ಲವೇ ಇಮೇಲ್ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಒಳ್ಳೆಯ ನಿಯಮ. ಆದರೆ ಅರ್ಜಿಯಲ್ಲಿ ಹೆಂಡತಿಯ ಹೆಸರಿನ ಮುಂದೆಯೂ ಗಂಡನ ಮೊಬೈಲ್ ನಂಬರೇ ಬರೆದಿದ್ದರೆ ಆ ಮೆಸೇಜ್ ಎಲ್ಲಿಗೆ ಹೋಗುತ್ತದೆ ಹೇಳಿ? ರಿಪೋರ್ಟ್ ತೆಗೆಯಲು ಬರುವ ಒಟಿಪಿ ಕೂಡ ಅದೇ ನಂಬರಿಗೆ ಹೋಗಬಹುದು. ನಾಳೆಯೇ ಹೋಗಿ ಆ ಸಾಲದಲ್ಲಿ ನಿಮ್ಮ ನಂಬರ್ ಸೇರಿಸಲು ಅರ್ಜಿ ಕೊಡಿ.

ಮನೆ ಸಾಲದ ವಿಷಯ ಇದಕ್ಕೆ ಉಲ್ಟಾ. ಕಂತು ಯಾರ ಸಂಬಳದಿಂದ ಹೋಯಿತು ಅನ್ನುವುದನ್ನು ದಾಖಲೆ ನೋಡುವುದಿಲ್ಲ, ಸಾಲದ ಪತ್ರದಲ್ಲಿ ಯಾರ ಹೆಸರಿದೆ ಅನ್ನುವುದನ್ನಷ್ಟೇ ನೋಡುತ್ತದೆ. ನೀವು ತಿಂಗಳು ತಪ್ಪದೆ ಕಟ್ಟಿದ್ದೀರಿ, ಆ ಒಳ್ಳೆ ಹೆಸರು ಪೂರ್ತಿ ಯಜಮಾನರಿಗೆ ಹೋಗಿದೆ. ಅಂಗಡಿ ಸಾಲದ ಕೆಟ್ಟ ಹೆಸರಿನಲ್ಲಿ ಮಾತ್ರ ನಿಮಗೆ ಪಾಲು. ಇದು ನ್ಯಾಯ ಅಲ್ಲ ಅಂತ ನಿಮಗೆ ಅನ್ನಿಸಿದರೆ ಅದು ಸರಿಯಾಗಿಯೇ ಇದೆ. ಮನೆ ಸಾಲಕ್ಕೆ ನಿಮ್ಮ ಹೆಸರನ್ನೂ ಸೇರಿಸಲು ಬ್ಯಾಂಕನ್ನು ಕೇಳಬಹುದು, ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ಆದರೆ ಮನೆಯ ಪತ್ರದಲ್ಲಿ ನಿಮ್ಮ ಹೆಸರಿಲ್ಲದೆ ಸಾಲದ ಪತ್ರಕ್ಕೆ ಮಾತ್ರ ಸೇರಬೇಡಿ. ಕೋ-ಅಪ್ಲಿಕೆಂಟ್ ಆದ ಮಾತ್ರಕ್ಕೆ ಮನೆಯಲ್ಲಿ ಹಕ್ಕು ಬರುವುದಿಲ್ಲ.

ಗಂಡನ ಕ್ರೆಡಿಟ್ ಕಾರ್ಡಿನ ಮೇಲೆ ಹೆಂಡತಿಗೆ ಕೊಡಿಸುವ ಆಡ್-ಆನ್ ಕಾರ್ಡೂ ಹೀಗೆಯೇ. ಸಾಮಾನು ತರುವುದು ನೀವು, ಬಿಲ್ಲಿನ ಹೊಣೆ ಮೂಲ ಕಾರ್ಡಿನವರದು. ಹತ್ತು ವರ್ಷ ಉಜ್ಜಿದರೂ ನಿಮಗೆ ಅಂತ ಸ್ವಂತ ದಾಖಲೆ ಸಾಮಾನ್ಯವಾಗಿ ಬೆಳೆಯುವುದಿಲ್ಲ. ಜಾಯಿಂಟ್ ಉಳಿತಾಯ ಖಾತೆ ಸಾಲ ಅಲ್ಲ, ಅದು ರಿಪೋರ್ಟಿಗೆ ಬರುವುದೇ ಇಲ್ಲ. ಆದರೆ ನಿಮ್ಮ ಹೆಸರಿನ ಕಂತು ಆ ಖಾತೆಯಿಂದ ಹೋಗುವಂತಿದ್ದು, ಹಿಂದಿನ ದಿನ ಯಜಮಾನರು ಅಂಗಡಿಗೆ ಮಾಲು ತರಲು ದುಡ್ಡು ತೆಗೆದರೆ ಕಂತು ಬೌನ್ಸ್ ಆಗುತ್ತದೆ. ಕಂತುಗಳಿಗೆ ಬೇರೆ ಖಾತೆ ಇಟ್ಟುಕೊಳ್ಳುವುದು ಮೇಲು.

ಮೈಕ್ರೋಫೈನಾನ್ಸ್ ಸಾಲ ಇರುವ ಓದುಗರಿಗೂ ಇಲ್ಲೇ ಒಂದು ಮಾತು. ಅಲ್ಲಿ ಗಂಡನ ಸಾಲ ನಿಜವಾಗಿಯೂ ಲೆಕ್ಕಕ್ಕೆ ಬರುತ್ತದೆ. 2022ರ ಏಪ್ರಿಲ್‌ನಿಂದ ಇರುವ ರಿಸರ್ವ್ ಬ್ಯಾಂಕ್ ನಿಯಮದಂತೆ, ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನ ಇಲ್ಲದೆ ಕೊಡುವುದು ಮೈಕ್ರೋಫೈನಾನ್ಸ್ ಸಾಲ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ಇವರೆಲ್ಲರ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ, ಅಂದರೆ ಶೇ. 50, ದಾಟಬಾರದು. ಹೆಂಡತಿಯ ಸ್ಕೋರ್ ಎಷ್ಟೇ ಚೆನ್ನಾಗಿದ್ದರೂ ಗಂಡನ ಬೈಕ್ ಲೋನ್ ಜಾಸ್ತಿ ಇದ್ದರೆ ಆಕೆಗೆ ಸಿಗುವ ಸಾಲ ಕಮ್ಮಿಯಾಗುತ್ತದೆ.

ಇನ್ನು ನಿಮ್ಮ ದಾರಿ. ಅಂಗಡಿ ಸಾಲದಲ್ಲಿ ಬಾಕಿ ಕಂತು ಏನಾದರೂ ಉಳಿದಿದ್ದರೆ ಮೊದಲು ಅದನ್ನು ತೀರಿಸಿ. "ಇಷ್ಟು ಕಟ್ಟಿ, ಉಳಿದದ್ದು ಬಿಡುತ್ತೇವೆ" ಅಂದರೆ ಸುಮ್ನೆ ಖುಷಿಪಟ್ಟು ಒಪ್ಪಬೇಡಿ. ಹಾಗೆ ಮುಗಿಸಿದ ಸಾಲ 'ಸೆಟಲ್ಡ್' ಅಂತ ದಾಖಲಾಗುತ್ತದೆ, ಮುಂದೆ ಸಾಲ ಕೊಡುವವರು ಅದನ್ನು ನೋಡಿ ಹಿಂಜರಿಯುತ್ತಾರೆ. ರಿಪೋರ್ಟಿನಲ್ಲಿ ತಪ್ಪು ಇದ್ದರೆ, ಅಂದರೆ ಕಟ್ಟಿದ ಕಂತನ್ನು ಕಟ್ಟಿಲ್ಲ ಅಂತ ತೋರಿಸಿದ್ದರೆ, ದೂರು ಕೊಡಿ. 30 ದಿನದೊಳಗೆ ಸರಿಪಡಿಸದಿದ್ದರೆ ಆಮೇಲಿನ ಒಂದೊಂದು ದಿನಕ್ಕೂ ₹100 ಪರಿಹಾರ ನಿಮಗೆ ಸಿಗಬೇಕು. ಆದರೆ ನಿಜವಾಗಿ ತಡವಾದ ಕಂತನ್ನು ಯಾರೂ ಅಳಿಸಲಾರರು. ದುಡ್ಡು ಕೊಟ್ಟರೆ ಸಿಬಿಲ್ ಸರಿ ಮಾಡಿಸುತ್ತೇವೆ ಅನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ. ಸಿಬಿಲ್ ರಿಪೋರ್ಟಿನಲ್ಲಿ ಕಾಣುವುದು ಹೆಚ್ಚೆಂದರೆ 36 ತಿಂಗಳ ಕಂತಿನ ಲೆಕ್ಕ. ಈಗಿನಿಂದ ಸರಿಯಾಗಿ ಕಟ್ಟುತ್ತಾ ಹೋದರೆ ಹಳೆಯ ತಿಂಗಳುಗಳು ಹಿಂದೆ ಸರಿಯುತ್ತವೆ. ಜೊತೆಗೆ ನಿಮ್ಮ ಹೆಸರಲ್ಲೇ ಸಣ್ಣ ಎಫ್‌ಡಿ ಇಟ್ಟು, ಅದರ ಆಧಾರದ ಮೇಲೆ ಒಂದು ಕ್ರೆಡಿಟ್ ಕಾರ್ಡ್ ತಗೊಳ್ಳಿ. ಪ್ರತಿ ತಿಂಗಳು ಪೂರ್ತಿ ಬಿಲ್ ಕಟ್ಟಿ. ಸಿಕ್ಕಸಿಕ್ಕ ಬ್ಯಾಂಕಿನಲ್ಲೆಲ್ಲ ಸ್ಕೂಟರ್ ಲೋನಿಗೆ ಅರ್ಜಿ ಹಾಕಬೇಡಿ, ಒಂದೊಂದು ಅರ್ಜಿಯೂ ರಿಪೋರ್ಟಿನಲ್ಲಿ ಬೀಳುತ್ತದೆ.

ಅಂಗಡಿ ಸಾಲದಿಂದ ಹೊರಗೆ ಬರಲು ಸಾಲ ಕೊಟ್ಟವರ ಒಪ್ಪಿಗೆ ಬೇಕೇ ಬೇಕು. ಗಂಡ ಹೆಂಡತಿ ಬೇರೆಯಾಗಿ, "ಈ ಸಾಲ ಅವನೇ ಕಟ್ಟಬೇಕು" ಅಂತ ಕೋರ್ಟಿನಲ್ಲಿ ತೀರ್ಮಾನವಾದರೂ ಬ್ಯಾಂಕಿನ ಪತ್ರದಲ್ಲಿರುವ ಹೆಸರು ತಾನಾಗಿ ಅಳಿಯುವುದಿಲ್ಲ. ನಿಮ್ಮ ಮನೆಗೆ ಆ ಮಾತು ಬೇಡ, ಆದರೆ ಇದನ್ನು ಓದುವ ಯಾರಿಗಾದರೂ ಬೇಕಾಗಬಹುದು.

ಮೈದುನನ ಟ್ರ್ಯಾಕ್ಟರಿಗೆ ಈಗ ಶ್ಯೂರಿಟಿ ಹಾಕಬೇಡಿ. ಕಾನೂನಿನಲ್ಲಿ ಜಾಮೀನುದಾರರ ಹೊಣೆ ಸಾಲಗಾರನಷ್ಟೇ ದೊಡ್ಡದು. ಆ ಸಾಲವೂ ನಿಮ್ಮ ರಿಪೋರ್ಟಿಗೆ ಬಂದು ಕೂರುತ್ತದೆ, ನಿಮ್ಮ ಸ್ಕೂಟರ್ ಇನ್ನೂ ದೂರ ಹೋಗುತ್ತದೆ. ಮನೆಯಲ್ಲಿ ಹೇಗೆ ಹೇಳುವುದು ಅಂತ ಯೋಚಿಸಬೇಡಿ. ನಿಮ್ಮ ರಿಪೋರ್ಟನ್ನೇ ಮೈದುನನ ಕೈಗೆ ಕೊಟ್ಟು, ಈ ಸ್ಕೋರ್ ಇಟ್ಟುಕೊಂಡು ನಾನು ನಿಂತರೆ ನಿನ್ನ ಲೋನೂ ಕೆಡಬಹುದು ಅಂತ ಹೇಳಿ. ಅದು ನಿಜವೂ ಹೌದು.

– ಸಂಪಾದಕ