ಪ್ರತಿಕ್ರಿಯೆ: ‘ಟ್ವೆಲ್ವ್ ಆ್ಯಂಗ್ರಿ ಮೆನ್’ ಉಸಿರು ಕಟ್ಟಿಸುವುದು ಹೇಗೆ?

ಅಪ್ಪನನ್ನು ಕೊಂದ ಆರೋಪ ಹೊತ್ತ ಹುಡುಗ ತಪ್ಪಿತಸ್ಥನೋ ಅಲ್ಲವೋ ಅಂತ ಹನ್ನೆರಡು ಜ್ಯೂರಿಗಳು (ತೀರ್ಪು ಹೇಳಲು ಆರಿಸಿದ ಸಾಮಾನ್ಯ ನಾಗರಿಕರು) ವಾದಿಸುವ ಸಿನಿಮಾ ಇದು. ಒಂದೇ ಕೋಣೆ, ಬರೀ ಮಾತು, ಆದರೂ ಕೊನೆಗೆ ಉಸಿರು ಕಟ್ಟಿದ ಹಾಗಾಯ್ತು, ಇದು ನಟನೆಯ ಬಲವಾ ಅಂತ ಕೇಳಿದ್ದೀರಿ. ನಟನೆ ಇದೆ, ಆದರೆ ಕ್ಯಾಮೆರಾದ ಪಾಲೂ ಅಷ್ಟೇ ದೊಡ್ಡದು. 1957ರ ಈ ಚಿತ್ರದ ಮೊದಲ ಮೂರನೇ ಒಂದು ಭಾಗವನ್ನು ನಿರ್ದೇಶಕ ಸಿಡ್ನಿ ಲುಮೆಟ್ ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದ ತೆಗೆದರು, ಮಧ್ಯದ್ದನ್ನು ಕಣ್ಣಿನ ಮಟ್ಟದಲ್ಲಿ, ಕೊನೆಯದನ್ನು ಕೆಳಗಿನಿಂದ. ಜೊತೆಗೆ ಲೆನ್ಸ್‌ಗಳ ಫೋಕಲ್ ಲೆಂಗ್ತ್ ಕೂಡ ಹೆಚ್ಚುತ್ತಾ ಹೋಗುತ್ತದೆ, ಅಂದರೆ ಕ್ಯಾಮೆರಾ ಕಾಣುವ ಜಾಗ ಕಿರಿದಾಗುತ್ತಾ ಬರುತ್ತದೆ. ಹಾಗಾಗಿ ಗೋಡೆಗಳು ಹತ್ತಿರ ಬಂದ ಹಾಗೆ ಕಾಣುತ್ತವೆ, ಕೊನೆಕೊನೆಗೆ ಛಾವಣಿಯೂ ತಲೆಯ ಮೇಲೆ ಕೂರುತ್ತದೆ. ನ್ಯಾಯಾಲಯದಿಂದ ಹೊರಬಂದಾಗಿನ ಶಾಟ್ ಮಾತ್ರ ಅಗಲವಾದ ಲೆನ್ಸಿನದು, ಅಲ್ಲಿ ನೀವು ನಿರಾಳವಾದದ್ದು ಸುಮ್ಮನೆ ಅಲ್ಲ.

ಮೂರನೇ ಜ್ಯೂರಿ ಮಗನ ಫೋಟೋ ಹರಿಯುವ ದೃಶ್ಯ ಸ್ವಲ್ಪ ಜಾಸ್ತಿಯಾಯ್ತು ಅಂದಿದ್ದೀರಿ. ನಾನು ಒಪ್ಪುವುದಿಲ್ಲ. ಅವನ ಸಿಟ್ಟು ಆರೋಪಿ ಹುಡುಗನ ಮೇಲಲ್ಲ ಅಂತ ನಮಗೆ ಗೊತ್ತಾಗುವುದೇ ಅಲ್ಲಿ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟ ಕನ್ನಡಕದ ನಾಲ್ಕನೇ ಜ್ಯೂರಿ. ಅಷ್ಟು ಸೆಖೆಯಲ್ಲೂ ಕೋಟು ತೆಗೆಯದ ಮನುಷ್ಯ, ನಾನು ಬೆವರುವುದೇ ಇಲ್ಲ ಅನ್ನುತ್ತಾನೆ. ಆಮೇಲೆ, ಕೆಲವೇ ದಿನದ ಹಿಂದೆ ನೋಡಿದ ಸಿನಿಮಾದ ಹೆಸರು ಕೇಳಿದಾಗ ತಪ್ಪು ಹೇಳುತ್ತಾನೆ, ನಟರು ಯಾರು ಅಂದರೆ ತಡವರಿಸುತ್ತಾನೆ, ಕರವಸ್ತ್ರ ಹಣೆಗೆ ಹೋಗುತ್ತದೆ. ಕೊಲೆಯ ಹೊತ್ತಿಗೆ ಸಿನಿಮಾ ನೋಡುತ್ತಿದ್ದೆ ಅಂದ ಹುಡುಗನಿಗೆ ಆ ಸಿನಿಮಾದ ಹೆಸರು ನೆನಪಿಲ್ಲ ಅನ್ನುವುದನ್ನೇ ದೊಡ್ಡ ಸಾಕ್ಷಿ ಮಾಡಿಕೊಂಡಿದ್ದವನು ಅವನೇ. ಇನ್ನೊಮ್ಮೆ ನೋಡುವಾಗ ಆ ದೃಶ್ಯದಲ್ಲಿ ಅವನ ಮುಖವನ್ನೇ ಗಮನಿಸಿ.